ಕಿಲುಬು ತೆಗೆದವಳು

ಮ್ಯೂಜಿಯಮ್ಮಿನ ಹಿಂದೆ, ಜನರೇಟರಿನ ಪಕ್ಕ, ತಗಡಿನ ಒಂದು ಖೋಲಿ. ಕಸಗುಡಿಸುವ ಕೆಲಸ ಇರುವ ತನಕ ಅದು ತಿಪ್ಪವ್ವನದು. ಯಾದಗಿರಿ ಕಡೆಯಿಂದ ಪುಣೆಗೆ ಬಂದು ಹದಿನಾಲ್ಕು ವರ್ಷ ಇಟ್ಟಿಗೆ ಹೊತ್ತು, ಸೊಂಟ ಹೋದ ಮೇಲೆ ಸಿಕ್ಕ ಕೆಲಸ. ಜನರೇಟರ್ ಶುರುವಾದರೆ ಖೋಲಿಯ ಪಾತ್ರೆಗಳೆಲ್ಲ ಕುಣಿಯುತ್ತವೆ. ಆದರೂ ಸೂರು ಸೂರೇ.

ಸೋಮವಾರ ರಜೆ. ಮರುದಿನ ದಿಲ್ಲಿಯಿಂದ ದೊಡ್ಡ ವಿದ್ವಾಂಸರೊಬ್ಬರು ಬರುವವರಿದ್ದರು. ಸಂಗ್ರಹದ ಅಧಿಕಾರಿ ಬಸವಪ್ರಭು ಗಾಜಿನ ಕಪಾಟುಗಳ ಬೀಗ ತೆರೆಸಿ, "ತಿಪ್ಪವ್ವಾ, ಒಂದೊಂದೂ ಲಕಲಕ ಅನಬೇಕ ನೋಡು," ಎಂದು ಹೇಳಿ ಮನೆಗೆ ಹೋದರು. ಅವರದೂ ವಿಜಯಪುರದ ಕಡೆ. ಕನ್ನಡದಲ್ಲಿ ಅಪ್ಪಣೆ ಕೊಡಲು ಅವರಿಗೆ ಈ ಊರಲ್ಲಿ ಸಿಕ್ಕವಳು ತಿಪ್ಪವ್ವ ಒಬ್ಬಳೇ.

ಮೂರನೆಯ ಕಪಾಟಿನಲ್ಲಿ ಎರಡು ಸಾವಿರ ವರ್ಷದ ತಾಮ್ರದ ನೀರಿನ ಕೊಡ. ಮೈಯೆಲ್ಲ ಹಸಿರು ಕಿಲುಬು. ತಿಪ್ಪವ್ವನಿಗೆ ಕನಿಕರವಾಯಿತು. "ಯಾವ ಮೈಗಳ್ಳಿ ಮನೀದವ್ವಾ ಇದು!" ಎಂದು ಖೋಲಿಯಿಂದ ಹುಣಸೆಹಣ್ಣು, ಬೂದಿ ತಂದು ತಿಕ್ಕಲು ಕುಳಿತಳು.

ಮಂಗಳವಾರ ಬೆಳಿಗ್ಗೆ ಬಸವಪ್ರಭು ತಲೆಯ ಮೇಲೆ ಕೈ ಹೊತ್ತುಕೊಂಡರು.

"ಏನ ಮಾಡಿದೀ? ಆ ಹಸಿರ ಬಣ್ಣಾನ ಅದರ ವಯಸ್ಸಿಗೆ ಸಾಕ್ಷಿ ಇತ್ತು!"

"ಕಿಲುಬ್ರೀ ಸಾಹೇಬ್ರ. ಅದರಾಗಿನ ನೀರು ಕುಡದ್ರ ವಾಂತಿ ಆಗ್ತದ."

"ಯಾರ ಕುಡೀತಾರ ಅದರಾಗ?"

"ಮತ್ತ ಕೊಡ ಯಾಕ್ರೀ ಇಟ್ಟೀರಿ?"

ಬಸವಪ್ರಭು ಬಾಗಿಲ ಕಡೆ ಬೆರಳು ತೋರಿಸಿದರು. "ಪೊಲೀಸ್ ಕೇಸ್ ಆಗ್ತದ. ಇವತ್ತ ಖೋಲಿ ಖಾಲಿ ಮಾಡು," ಎಂದರು.

ಹನ್ನೊಂದಕ್ಕೆ ವಿದ್ವಾಂಸರು ಬಂದರು. ಭೂತಗನ್ನಡಿ ಹಿಡಿದು ಕೊಡದ ಹೊಟ್ಟೆಯ ಸುತ್ತ ನೋಡಿದರು. ಕಿಲುಬಿನ ಕೆಳಗೆ ಇಷ್ಟು ದಿನ ಯಾರಿಗೂ ಕಾಣದಿದ್ದ ಕೆತ್ತನೆಯ ಸಾಲು: ಆನೆ, ಕುದುರೆ, ಹಿಂದೆ ನೀರು ಹೊತ್ತ ಹೆಂಗಸರು.

"ಅದ್ಭುತ! ಶುದ್ಧಿ ಮಾಡಿದವರು ಯಾರು?" ಎಂದು ಹಿಂದಿಯಲ್ಲಿ ಕೇಳಿದರು.

ಬಸವಪ್ರಭು ಮುಂದೆ ಬಂದರು. "ನಾನೇ," ಎಂದರು.

"ವಿಧಾನ ಬರೆದು ಕಳಿಸಿ. ಅಚ್ಚು ಹಾಕಿಸೋಣ."

ಸಂಜೆ ತಿಪ್ಪವ್ವನಿಗೆ ಕರೆ ಬಂತು. ಗಂಟು ಕಟ್ಟುವುದನ್ನು ಅರ್ಧಕ್ಕೆ ಬಿಟ್ಟು ಓಡಿದಳು. ಸಾಹೇಬರು ಪೆನ್ನು ಹಿಡಿದು ಕುಳಿತಿದ್ದರು.

"ಹುಣಸಿಹಣ್ಣ ಎಷ್ಟೊತ್ತು ನೆನಸಿದ್ದಿ?"

ಅವಳಿಗೆ ಹೋದ ಜೀವ ಬಂದಂತಾಯಿತು. ಖೋಲಿ ಉಳಿಯಿತು ಅಂದುಕೊಂಡಳು.

"ಒಂದ ತಾಸ್ರೀ. ಹಳೀ ಹುಣಸಿನ ಆಗಬೇಕು, ಹೊಸಾದು ನಡ್ಯಂಗಿಲ್ಲ. ಬೂದಿ ಅರಿವ್ಯಾಗ ಸೋಸಬೇಕ್ರಿ, ಇಲ್ಲಂದ್ರ ಗೀರು ಬೀಳ್ತಾವ."

ಅವಳು ಒಂದೂ ಬಿಡದೆ ಹೇಳಿದಳು. ಅವರು ಒಂದೂ ಬಿಡದೆ ಬರೆದುಕೊಂಡರು. ಬರೆದಾದ ಮೇಲೆ ಕೈ ಚಾಚಿದರು.

"ಕೊರಳಾಗಿನ ಕೆಲಸದ ಕಾರ್ಡ ಕೊಡು."

"ಸಾಹೇಬ್ರ, ಎಲ್ಲಾ ಹೇಳಿದ್ನಲ್ಲರೀ!"

"ಇಲ್ಲೇ ಇದ್ರ ನಾಳೆ ಮತ್ಯಾರಿಗರೆ ಹೇಳ್ತಿ."

"ಹೇಳಂಗಿಲ್ರೀ. ಆಣಿ ಮಾಡ್ತೀನಿ."

ಚಾಚಿದ ಕೈ ಚಾಚಿದಂತೆಯೇ ಇತ್ತು. ತಿಪ್ಪವ್ವ ಕಾರ್ಡು ಬಿಚ್ಚಿದಳು. ಅದರ ಮೇಲೆ ಧೂಳು ಕೂತಿತ್ತು. ಸೆರಗಿನಿಂದ ಒರೆಸಿ ಕೊಟ್ಟಳು.