ಪಂಕ್ತಿ ಮುಗಿಯುವ ತನಕ

ಕಂಟ್ರೋಲ್ ರೂಮಿನ ಪರದೆ ಮತ್ತೆ ಕಪ್ಪಾಯಿತು. ಆಪರೇಟರ್ ಸೇಸಪ್ಪ ಬೆಂಕಿ ಮುಟ್ಟಿದವರ ಹಾಗೆ ಕೈ ಹಿಂದಕ್ಕೆಳೆದುಕೊಂಡರು.

"ಅಲಾರಂ ಮುಚ್ಚಲಿಕ್ಕೆ ಒಂದೇ ಸರ್ತಿ ಒತ್ತಿದ್ದು ಮಾರಾಯ್ರೆ."

"ಇವರ ಕೈ ಜೋರು," ಎಂದ ಮ್ಯಾನೇಜರ್ ಝಕರಿಯಾ. "ಮುಂದಿನ ವಾರದಿಂದ ಯಾರ್ಡಿಗೆ ಹಾಕುವ. ಖಲಾಸ್."

ಕೊಲ್ಲಿ ನಾಡಿನ ಸೊಹಾರಿನ ಬಿಸಿಲಲ್ಲಿ ಬಯಲಿನ ಯಾರ್ಡೆಂದರೆ ಏನೆಂದು ಎಲ್ಲರಿಗೂ ಗೊತ್ತು. ಗೂಬೆ ಕೂರಿಸಲು ಒಂದು ತಲೆ ಸಿಕ್ಕಿತೆಂದರೆ ಮ್ಯಾನೇಜರುಗಳಿಗೆ ಅರ್ಧ ಕೆಲಸ ಮುಗಿದಂತೆ. ಪರದೆಯ ಅಲಾರಂ ಪ್ರೋಗ್ರಾಂ ಬರೆದ ಕಂಪನಿಯಿಂದ ಬಂದಿದ್ದ ಫಸೀಲಾಳಿಗೆ ಮೈ ಉರಿಯಿತು. "ಊಟದವರೆಗೆ ಟೈಮ್ ಕೊಡಿ ಸರ್," ಎಂದಳು.

ಸೇಸಪ್ಪನವರಿಂದಲೇ ಮತ್ತೆ ಮತ್ತೆ ಒತ್ತಿಸಿ ನೋಡಿದಳು. ಅಲಾರಂ ಬಂದಾಗ ಪ್ರೋಗ್ರಾಂ ಪರದೆಯ ಮೇಲಿನ ಅಲಾರಂ ಚೌಕಗಳನ್ನೆಲ್ಲ ಒಂದೊಂದಾಗಿ ಕರೆಯುತ್ತಿತ್ತು. ಆಗಲೇ ಒಂದನ್ನು ಮುಚ್ಚಿದರೆ ಅದು ಮೆಮೊರಿಯಲ್ಲಿನ ತನ್ನ ಜಾಗವನ್ನೂ ಬಿಟ್ಟುಕೊಟ್ಟು ಹೋಗಿಬಿಡುತ್ತಿತ್ತು. ಪ್ರೋಗ್ರಾಂ ಮಾತ್ರ ಅಲ್ಲಿಗೇ ಮರಳಿ ಬಂದು, ಇಲ್ಲದವರನ್ನು ಹುಡುಕಿ ಮುಗ್ಗರಿಸುತ್ತಿತ್ತು. ಕಳ್ಳ ಸಿಕ್ಕಿಬಿದ್ದ.

"ನಮ್ಮ ಮದುವೆಮನೆಯಲ್ಲಿ ಒಂದೇ ಹರಿವಾಣಕ್ಕೆ ನಾಲ್ಕೈದು ಜನ ಕೂತು ಉಣ್ಣುವುದು ನೋಡಿದ್ದೀರಲ್ಲ ಅಣ್ಣ? ಕೊನೆಯವರು ಮುಗಿಸುವ ತನಕ ಯಾರೂ ಏಳುವ ಹಾಗಿಲ್ಲ. ಈ ಮುಚ್ಚಿದ ಚೌಕ ನಡುವಿನಲ್ಲೇ ಎದ್ದು ಹೋಗ್ತಿತ್ತು," ಎಂದಳು ಫಸೀಲಾ.

"ಹಾಗಾದ್ರೆ ಮರ್ಯಾದೆ ಇಲ್ಲದ್ದು ನನ್ನ ಕೈಗಲ್ಲ?"

"ಅಲ್ಲ. ನಮ್ಮ ಪ್ರೋಗ್ರಾಮಿಗೆ."

ಕರೆಯುವ ಸುತ್ತು ಮುಗಿಯುವವರೆಗೆ ಮುಚ್ಚಿದ ಚೌಕದ ಜಾಗ ಅಳಿಸದಂತೆ ಆಕೆ ಬರೆದಳು. ನಾಲ್ಕೇ ಸಾಲು. ಆದರೂ ಪರೀಕ್ಷೆಗೆ ಝಕರಿಯಾ ಬೇರೆಯವರನ್ನು ಕರೆದ.

"ಇಲ್ಲ ಸರ್. ಸೇಸಪ್ಪಣ್ಣನೇ ಒತ್ತಲಿ. ಜೋರಾಗಿಯೇ ಒತ್ತಲಿ."

ಸೇಸಪ್ಪ ಒತ್ತಿದರು. ಕೆಂಪು ಅಲಾರಂಗಳು ಒಂದರ ಮೇಲೊಂದು ಬಂದವು. ತಿಂಗಳಿನಿಂದ ಬೈಸಿಕೊಂಡ ಸಿಟ್ಟನ್ನೆಲ್ಲ ಬೆರಳಿಗೆ ತಂದುಕೊಂಡು ಅವರು ಮುಚ್ಚುತ್ತಲೇ ಹೋದರು. ಪರದೆ ಅಲುಗಲಿಲ್ಲ. ಫಸೀಲಾಳ ಎದೆ ಹೆಮ್ಮೆಯಿಂದ ಉಬ್ಬಿತು. ಅದನ್ನು ಮುಚ್ಚಿಡಬೇಕೆಂದು ಅವಳಿಗೆ ಅನ್ನಿಸಲೂ ಇಲ್ಲ.

ಝಕರಿಯಾ ಗಂಟಲು ಸರಿಮಾಡಿಕೊಂಡ. "ಯಾರ್ಡಿನ ಮಾತು ಬಿಡಿ," ಎಂದಷ್ಟೇ ಹೇಳಿದ.

ಗುರುವಾರ ಕಂಟ್ರೋಲ್ ರೂಮಿನವರದ್ದು ಒಟ್ಟಿಗೆ ಊಟ. ಹೆಂಗಸರ ಹರಿವಾಣದ ಬಳಿ ಕೂತು ಫಸೀಲಾ ಆ ಕಡೆ ನೋಡಿದಳು. ಗಂಡಸರ ಹರಿವಾಣದಲ್ಲಿ ಎಲ್ಲರದ್ದೂ ಮುಗಿದಿತ್ತು, ಸೇಸಪ್ಪನವರೊಬ್ಬರದ್ದು ಬಿಟ್ಟು. ಅವರು ನಿಧಾನವಾಗಿ ಎಲುಬು ಚೀಪುತ್ತಿದ್ದರು. ಝಕರಿಯಾನ ಫೋನ್ ಬಡಿದುಕೊಂಡಿತು. ಅವನು ಎಡಗೈಯಿಂದ ಅದನ್ನು ಮಗುಚಿಟ್ಟ. ಉಳಿದಿದ್ದ ಒಂದು ಮಾಂಸದ ತುಂಡನ್ನು ಸೇಸಪ್ಪನವರ ಕಡೆ ಸರಿಸಿ, ಅನ್ನ ಒಣಗುತ್ತಿದ್ದ ಬಲಗೈಯನ್ನು ಹರಿವಾಣದ ಅಂಚಿನಲ್ಲಿಟ್ಟುಕೊಂಡು ಹಾಗೆಯೇ ಕೂತ.