ತಾಯಿಯ ಉತ್ತರ ಮಾತ್ರ

ಆ ಓಣಿಯ ಪ್ರತಿ ಮಗುವಿನ ಕೆನ್ನೆಯ ಮೇಲೂ ಕಾಸಿನಗಲದ ಕಾಡಿಗೆಯ ಬೊಟ್ಟು ಇರುತ್ತಿತ್ತು. ವರದಿಗೆ ಫೋಟೊ ತೆಗೆಯುವಾಗ ನಾನು ಅದನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ನಾನು ಬೆನ್ನು ತಿರುಗಿಸುವಷ್ಟರಲ್ಲಿ ತಾಯಂದಿರು ಮತ್ತೆ ಇಟ್ಟುಬಿಡುತ್ತಿದ್ದರು.

ನಮ್ಮ ಅಧ್ಯಯನದ ಪ್ರಶ್ನೆ ಸರಳ. ಸರಿಯಾಗಿ ಉಣ್ಣಲು ಸಿಗದೆ ಮಾತು ತಡವಾದ ಮಕ್ಕಳಿಗೆ ದಿನವೂ ಒಂದು ಹೊತ್ತಿನ ಊಟ, ಒಂದು ತಾಸು ಆಟ, ಹಾಡು ಕೊಟ್ಟರೆ ಮಾತು ಬೇಗ ಬರುತ್ತದೆಯೇ? ಒಂದು ಟ್ರಸ್ಟು ವರ್ಷದ ಮಟ್ಟಿಗೆ ಹಣ ಕೊಟ್ಟಿತ್ತು. ಗುಣ ಕಂಡರೆ ಇನ್ನೂ ಮೂರು ವರ್ಷ, ಇಡೀ ಊರಿಗೆ. ಊಟ, ಆಟ ನೋಡಿಕೊಳ್ಳುತ್ತಿದ್ದವರು ಅಂಗನವಾಡಿಯ ನೀಲಗಂಗಮ್ಮ. ನಾನು ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಪ್ರಶ್ನೆಪಟ್ಟಿ ತುಂಬುತ್ತಿದ್ದೆ. ನನ್ನನ್ನು ಕಂಡರೆ ಮಕ್ಕಳು ಸೆರಗಿನ ಹಿಂದೆ ಅಡಗುತ್ತಿದ್ದವು. ಅದಕ್ಕೇ ಪಟ್ಟಿಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೆ: 'ತಾಯಿಯ ಉತ್ತರವನ್ನು ಮಾತ್ರ ಬರೆಯಬೇಕು.'

ಹನ್ನೆರಡನೆಯ ತಿಂಗಳು ಹನಮವ್ವನನ್ನು ಅವಳ ಮಗಳ ಬಗ್ಗೆ ಕೇಳಿದೆ, "ರೇಣಿ ಈಗ ಮಾತಾಡ್ತಾಳಾ?"

"ಎಲ್ಲಿ ಮಾತು ತಗೀರಿ ಸರ. ಮೂಗಿಯಂಗ ಕುಂತಿರ್ತಾಳ."

"ಊಟ?"

"ಗುಬ್ಬಿ ಕುಕ್ಕಿದಂಗ."

'ಬದಲಾವಣೆ ಇಲ್ಲ' ಎಂದು ಬರೆದೆ. ನಲವತ್ತು ಮನೆಯಲ್ಲೂ ಅದೇ ರಾಗ. ಪರಿಣಾಮ ಕಾಣದ್ದರಿಂದ ಹಣ ನಿಲ್ಲಿಸಿದ್ದೇವೆಂದು ಟ್ರಸ್ಟಿನಿಂದ ಪತ್ರ ಬಂತು.

ಆಟದ ಕೋಣೆ ಮುಚ್ಚಲು ಹೋದರೆ ತಾಯಂದಿರು ಮುತ್ತಿಕೊಂಡರು. ಹನಮವ್ವನದೇ ಜೋರು. "ಯಾಕ್ರೀ ಬಂದ್ ಮಾಡ್ತೀರಿ? ಇಲ್ಲಿಗೆ ಬಂದ ಮ್ಯಾಲ ನಮ್ಮ ರೇಣಿ ಅರಳು ಹುರಿದಂಗ ಮಾತಾಡ್ತಾಳ!"

"ಮೂಗಿ ಅಂದವರು ನೀವೇ ಅಲ್ವಾ?"

"ಅಯ್ಯ, ಬರಕೊಳ್ಳಾವ್ರ ಮುಂದ ಹೆತ್ತಾಕಿ ತನ್ನ ಕೂಸನ್ನ ಹೊಗಳ್ತಾಳೇನ್ರೀ? ದೃಷ್ಟಿ ಆಗಂಗಿಲ್ಲೇನು? ಮೊದಲ ನೀವು ಬೊಟ್ಟು ಒರಸಾವ್ರು!"

ನೀಲಗಂಗಮ್ಮನತ್ತ ತಿರುಗಿದೆ. "ನಿಮಗಾದರೂ ಗೊತ್ತಿತ್ತಾ?"

"ದಿನಾ ಕಿವಿ ಕಿತ್ತು ಹೋಗೂವಂಗ ಮಾತಾಡ್ತಾವು, ಗೊತ್ತಿರೂದಿಲ್ಲೇನ್ರೀ?" ಎಂದರು. "ನಿಮ್ಮ ಹಾಳ್ಯಾಗ ನಾ ಹೇಳಿದ್ದು ಬರಿಯಾಕ ಜಾಗ ಎಲ್ಲಿತ್ತು?"

ಪಟ್ಟಿಯ ನೆತ್ತಿಯ ಆ ಸಾಲು ಅಚ್ಚು ಹಾಕಿಸಿದ್ದವನು ನಾನೇ.

ಕಾಡಿ ಬೇಡಿ ಟ್ರಸ್ಟಿನ ಅಧಿಕಾರಿಯೊಬ್ಬರನ್ನು ಕರೆಸಿದೆ. ಅವರಿಗಿದ್ದದ್ದು ಒಂದೇ ದಿನ, ಮೊದಲು ಹನಮವ್ವನ ಮನೆಗೆ ಹೋದೆವು. ಈ ಸಲ ನಿಜ ಹೇಳುತ್ತೇನೆಂದು ಅವಳು ಆಣೆ ಇಟ್ಟಿದ್ದಳು. ಅಧಿಕಾರಿ ಚಾಪೆಯ ಮೇಲೆ ಕೂತು ಪೆನ್ನಿನ ಮುಚ್ಚಳ ತೆಗೆದರು.

"ಮಗಳು ಮಾತಾಡ್ತಾಳೇನಮ್ಮಾ?"

ಹನಮವ್ವ ನನ್ನನ್ನು ನೋಡಿದಳು. ಪೆನ್ನನ್ನು ನೋಡಿದಳು. ಗಂಟಲು ಸರಿಮಾಡಿಕೊಂಡಳು. "ಹೂಂ... ಏನೋ ರೀ... ಒಂದೀಟು..."

ಅಷ್ಟರಲ್ಲಿ ಸೆರಗಿನ ಮರೆಯಲ್ಲಿ ಕೂತಿದ್ದ ರೇಣಿ ತಾನಾಗಿಯೇ ತಲೆಯೆತ್ತಿ, ಗಟ್ಟಿ ದನಿಯಲ್ಲಿ ಶುರುಮಾಡಿದಳು, "ಅವ್ವಾ..."

ಹನಮವ್ವನ ಅಂಗೈ ಅವಳ ಬಾಯಿ ಮುಚ್ಚಿತು. ಬೇಕೆಂದೇ ಮಾಡಿದ್ದಲ್ಲ. ಕೈ ತಾನೇ ಹೋಗಿತ್ತು.

ಅಧಿಕಾರಿ 'ಒಂದು ಪದ' ಎಂದು ಬರೆದುಕೊಂಡರು. ಅಂಗೈಯ ಕೆಳಗೆ ರೇಣಿಯ ತುಟಿಗಳು ಇನ್ನೂ ಆಡುತ್ತಿದ್ದವು.