ದಾರ ಕಟ್ಟಿದ ರೇಜರ್

ನಮ್ಮ ಡಿಪೋದಲ್ಲಿ ಗಡ್ಡ ಬೆಳೆದ ಮುಖಕ್ಕೆ ಬಸ್ಸು ಕೊಡುವುದಿಲ್ಲ. ಬೆಳಿಗ್ಗೆ ಗೇಟಿನಲ್ಲಿ ಸಾಹೇಬರು ನಿಂತು ಒಬ್ಬೊಬ್ಬರ ಕೆನ್ನೆ ನೋಡುತ್ತಾರೆ. ಬ್ರೇಕು ಕಿರುಚಿದರೂ ಪರವಾಗಿಲ್ಲ, ಸೀಟು ಹರಿದಿದ್ದರೂ ಪರವಾಗಿಲ್ಲ, ಕೆನ್ನೆ ಮಾತ್ರ ನುಣ್ಣಗಿರಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ. ಅದಕ್ಕೇ ನಮ್ಮ ವಿಶ್ರಾಂತಿ ಕೋಣೆಯ ಕನ್ನಡಿ ಪಕ್ಕದಲ್ಲಿ ಒಂದು ಮೊಳೆ, ಮೊಳೆಗೆ ಒಂದು ದಾರ, ದಾರದ ತುದಿಗೆ ಒಂದು ರೇಜರ್ ಇತ್ತು. ಯಾರೂ ಜೇಬಿಗಿಳಿಸಬಾರದೆಂದು ಕಟ್ಟಿದ್ದು. ಗಡಿಬಿಡಿಯಲ್ಲಿ ಬಂದವರೆಲ್ಲ ಅದರಲ್ಲೇ ಎರಡು ಸಲ ಕೆರೆದುಕೊಂಡು, ನಲ್ಲಿಯಡಿ ಅಲ್ಲಾಡಿಸಿ, ಹಿಂದೆ ನಿಂತವನ ಕೈಗೆ ಕೊಟ್ಟು ಓಡುತ್ತಿದ್ದೆವು. ಬ್ಲೇಡು ವಾರಕ್ಕೊಂದು. ರಕ್ತ ಬಂದರೆ ಹಳೆಯ ಟಿಕೆಟ್ಟಿನ ಚೂರು ಅಂಟಿಸಿಕೊಳ್ಳುತ್ತಿದ್ದೆವು. ಹದಿನಾಲ್ಕು ವರ್ಷ ನಾನೂ ಹಾಗೇ ಮಾಡಿದೆ. ನಾನು ಕಂಡಕ್ಟರ್.

ನನ್ನ ಬಸ್ಸಿನ ಡ್ರೈವರಿಗೆ ಎಲ್ಲರೂ ಗಡಿಯಾರಣ್ಣ ಅನ್ನುತ್ತಿದ್ದರು. ಅವರ ಬಸ್ಸು ಬಂತೆಂದರೆ ಅಂಗಡಿಯವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಬೀಡಿ ಇಲ್ಲ, ಹೆಂಡ ಇಲ್ಲ, ಬಾಯಲ್ಲಿ ಒಂದು ಕೆಟ್ಟ ಮಾತಿಲ್ಲ. ನಾನು "ರೈಟ್" ಅಂದರೆ ಹೊರಡುತ್ತಿದ್ದರು, "ಹೋಲ್ಡಾನ್" ಅಂದರೆ ನಿಲ್ಲಿಸುತ್ತಿದ್ದರು. ಹನ್ನೊಂದು ವರ್ಷ ನಮ್ಮಿಬ್ಬರ ಸಂಸಾರ ನಡೆದದ್ದು ಈ ಎರಡು ಮಾತಿನ ಮೇಲೆ.

ಅಂಥವರು ಹಗಲಲ್ಲಿ ತೂಕಡಿಸತೊಡಗಿದರು. ರಾತ್ರಿ ರೆಪ್ಪೆಗೆ ರೆಪ್ಪೆ ಹತ್ತುವುದಿಲ್ಲ ಅಂತ ಅವರ ಹೆಂಡತಿ, ನಾನು ಅತ್ತಿಗೆ ಅಂತ ಕರೆಯುವವರು, ಹೇಳಿದರು. ಒಂದು ದಿನ ನಿಧಾನಕ್ಕೆ ಇಳಿಯುತ್ತಿದ್ದ ಮುದುಕಿಯ ಮೇಲೆ ಗಡಿಯಾರಣ್ಣ ಕೂಗಾಡಿಬಿಟ್ಟರು. ಮರುಕ್ಷಣ ತಲೆ ಮೇಲೆ ಕೈ ಹೊತ್ತು ಕೂತರು. ಟ್ರಿಪ್ ಹಾಳೆಯಲ್ಲಿ ಮುತ್ತಿನ ಹಾಗಿದ್ದ ಅವರ ಅಕ್ಷರ ಗೆರೆ ಬಿಟ್ಟು ಕೆಳಗಿಳಿಯುತ್ತಿತ್ತು.

"ಪಾದ ಜೋಮು ಹಿಡಿದ ಹಾಗಿದೆ ಕಣೋ ತಮ್ಮ. ಕ್ಲಚ್ ಮೇಲೆ ಕಾಲಿದೆಯೋ ಇಲ್ವೋ ನೋಡಿಕೊಂಡೇ ಒತ್ತಬೇಕು" ಅಂದರು.

"ವಯಸ್ಸಾಯ್ತಲ್ಲಣ್ಣ" ಅಂತ ನಕ್ಕೆ.

ಆಮೇಲೊಂದು ಮಧ್ಯಾಹ್ನ ನೀರಿನ ಟ್ಯಾಂಕಿನ ಸರ್ಕಲ್ಲಿನಲ್ಲಿ ಬಸ್ಸು ರಸ್ತೆ ಮಧ್ಯೆ ನಿಂತಿತು. ಹಿಂದೆ ಹಾರ್ನುಗಳ ಸುರಿಮಳೆ. ಓಡಿ ಹೋಗಿ ನೋಡಿದರೆ ಗಡಿಯಾರಣ್ಣ ಸ್ಟೇರಿಂಗ್ ಹಿಡಿದು ಎದುರಿಗಿದ್ದ ಮೂರು ರಸ್ತೆಗಳನ್ನೂ ನೋಡುತ್ತಿದ್ದಾರೆ.

"ತಮ್ಮ, ಈಗ ಎತ್ತ?"

ಹನ್ನೊಂದು ವರ್ಷ ಹೋದ ದಾರಿ ಅದು. ಆಗಲೇ ಹೋಲ್ಡಾನ್ ಅನ್ನಬೇಕಿತ್ತು. ಅನ್ನಲಿಲ್ಲ. "ಎಡಕ್ಕೆ ಅಣ್ಣ. ರೈಟ್, ಹೋಗಿ" ಅಂದೆ. ಅವತ್ತಿನಿಂದ ಅವರ ಬೆನ್ನ ಹಿಂದೆಯೇ ನಿಂತು ಪ್ರತಿ ತಿರುವನ್ನೂ ಹೇಳಿಕೊಟ್ಟೆ. ಐವತ್ತು ಜನರ ಜೀವ ತುಂಬಿದ ಬಸ್ಸನ್ನು ಹಾಗೆ ಎಂಟು ದಿನ ಓಡಿಸಿದೆವು. "ಹಗಲಲ್ಲೇ ಹಾಕ್ಕೊಂಡು ಬಂದಿದಾನೆ" ಅಂತ ಪ್ರಯಾಣಿಕರು ಗೊಣಗಿದಾಗ ಅವರ ಜೊತೆ ಜಗಳ ಆಡಿದೆ. ಅದನ್ನು ಸ್ನೇಹ ಅಂದುಕೊಂಡಿದ್ದೆ.

ತಿಂಗಳಿಗೊಮ್ಮೆ ಡಿಪೋಗೆ ಬಂದು ಡ್ರೈವರುಗಳ ಕಣ್ಣು, ಬಿಪಿ ನೋಡುವ ನರ್ಸಮ್ಮ ಒಬ್ಬರಿದ್ದರು. ಒಂಬತ್ತನೆಯ ದಿನ ಅವರು ಬಂದರು. ಗಡಿಯಾರಣ್ಣನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

"ಅಣ್ಣ, ಎರಡೂ ಕೈ ಮುಂದೆ ಚಾಚಿ. ಬಸ್ಸು ನಿಲ್ಲಿಸೋಕೆ ಕೈ ಎತ್ತುತ್ತಾರಲ್ಲ, ಹಾಗೆ ಅಂಗೈ ಎತ್ತಿ ಹಿಡೀರಿ."

ಗಡಿಯಾರಣ್ಣ ಹಿಡಿದರು. ಅಂಗೈಗಳು ನಿಲ್ಲಲಿಲ್ಲ. ಪಟ್ಟನೆ ಬೀಳುತ್ತಿದ್ದವು, ಮತ್ತೆ ಏಳುತ್ತಿದ್ದವು, ಮತ್ತೆ ಬೀಳುತ್ತಿದ್ದವು. ಅವರೇ ತಮ್ಮ ಕೈಗಳನ್ನು ಬೇರೆ ಯಾರದೋ ಎಂಬಂತೆ ನೋಡಿದರು.

ನರ್ಸಮ್ಮ ಚೀಟಿ ಬರೆದು ನನ್ನ ಕೈಗೆ ಕೊಟ್ಟರು. "ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ಬಸ್ಸು ಹತ್ತಿಸಬೇಡಿ, ಸಾಹೇಬರಿಗೆ ನಾನು ಹೇಳ್ತೀನಿ. ಇದು ಲಿವರಿನ ತೊಂದರೆ ಇರಬಹುದು, ಮಿದುಳಿಗೆ ಏರಿದೆ ಅಂತ ಕಾಣುತ್ತೆ."

"ಲಿವರಿಗೂ ತಲೆಗೂ ಎಲ್ಲಿಂದೆಲ್ಲಿಯ ಸಂಬಂಧ ನರ್ಸಮ್ಮ? ಪಾಪ, ನಿದ್ದೆ ಇಲ್ಲ ಅಷ್ಟೆ."

"ರಕ್ತದಲ್ಲಿರೋ ವಿಷ ತೆಗೆಯೋದು ಲಿವರ್. ಅದು ಕೆಟ್ಟರೆ ವಿಷ ರಕ್ತದಲ್ಲೇ ಉಳಿದು ಮಿದುಳಿಗೆ ಹೋಗುತ್ತೆ. ಮೊದಲು ಹಗಲು ನಿದ್ದೆ, ರಾತ್ರಿ ಎಚ್ಚರ. ಆಮೇಲೆ ಸಿಡುಕು, ಮರೆವು, ಕೈ ಹೀಗೆ ಬೀಳೋದು. ಕೊನೆಗೆ ಪ್ರಜ್ಞೆ ತಪ್ಪೋದು. ನಿದ್ದೆ ಮಾತ್ರೆ ಗಿತ್ರೆ ಏನೂ ಕೊಡಬೇಡಿ. ತಿಳೀತಾ?"

ತಿಳಿಯಿತು ಅಂತ ತಲೆಯಾಡಿಸಿದೆ. ಆದರೆ ನರ್ಸಮ್ಮ ಅತ್ತ ಹೋದ ಕೂಡಲೆ ಗಡಿಯಾರಣ್ಣ ನನ್ನ ತೋಳು ಹಿಡಿದರು. ಅವರ ಕಣ್ಣಲ್ಲಿ ನೀರು.

"ಆಸ್ಪತ್ರೆಯವರು ಬರೆದುಬಿಟ್ರೆ ಮುಗೀತು ಕಣೋ. ನನ್ನ ಸ್ಟೇರಿಂಗ್ ಕಿತ್ಕೋತಾರೆ. ನಂಗೆ ಬೇರೇನು ಬರುತ್ತೆ?"

ಆ ಮಾತಿಗೆ ಕರಗಿಹೋದೆ. ಚೀಟಿಯನ್ನು ಟಿಕೆಟ್ ಚೀಲಕ್ಕೆ ತುರುಕಿದೆ. ನಾಳೆ ಹೋದರಾಯಿತು, ಒಂದು ರಾತ್ರಿ ಕಣ್ತುಂಬ ನಿದ್ದೆ ಮಾಡಿದರೆ ಕೈ ಸರಿಹೋದೀತು, ಆಮೇಲೆ ಡಾಕ್ಟರು ಏನೂ ಬರೆಯಲಾರರು ಅಂತ ನನ್ನ ಲೆಕ್ಕ. ಸಂಜೆ ಔಷಧಿ ಅಂಗಡಿಯಲ್ಲಿ ಪರಿಚಯದವನಿಂದ ಒಂದು ನಿದ್ದೆ ಮಾತ್ರೆ ತಂದುಕೊಟ್ಟೆ. ಹೌದು, ನಾನೇ ಕೊಟ್ಟೆ. ನರ್ಸಮ್ಮ ಬೇಡವೆಂದದ್ದು ಕಿವಿಯಲ್ಲೇ ಇತ್ತು, ಒಂದು ಮಾತ್ರೆಗೆ ಏನಾಗುತ್ತೆ ಅಂದುಕೊಂಡೆ.

ಬೆಳಿಗ್ಗೆ ಅತ್ತಿಗೆಯ ಫೋನು. "ಎಷ್ಟು ಅಲ್ಲಾಡಿಸಿದ್ರೂ ಏಳ್ತಿಲ್ಲಪ್ಪ. ಗೊರಕೆ ಥರ ಏನೋ ಸದ್ದು ಬರ್ತಿದೆ."

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ಹೆಪಟೈಟಿಸ್ ಬಿ. ಆ ವೈರಸ್ಸು ಎಷ್ಟೋ ವರ್ಷ ಸದ್ದಿಲ್ಲದೆ ಕೂತು ಲಿವರನ್ನು ಕಲ್ಲು ಮಾಡಿಬಿಟ್ಟಿತ್ತು. ಮಾತ್ರೆ ಕೊಟ್ಟದ್ದನ್ನು ನಾನು ಒಪ್ಪಿಕೊಂಡೆ. ಮೊದಲೇ ವಿಷ ಏರಿದ್ದ ಮಿದುಳಿಗೆ ಆ ಮಾತ್ರೆ ಇನ್ನೊಂದು ಏಟು ಕೊಟ್ಟಿತು ಅಂದರು ಡಾಕ್ಟರು. ಮೂಗಿನಲ್ಲಿ ನಳಿಕೆ ಹಾಕಿ, ಹೊಟ್ಟೆ ಖಾಲಿ ಮಾಡಿಸುವ ಸಿರಪ್ ಇಳಿಸಿದರು. ಕರುಳಿನಲ್ಲಿ ಹುಟ್ಟುವ ವಿಷ ಹಾಗೆ ಹೊರಗೆ ಹೋಗಬೇಕಂತೆ.

ಸಂಜೆ ನರ್ಸಮ್ಮ ಬಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅತ್ತಿಗೆ ಅವರ ಮೇಲೇ ಹರಿಹಾಯ್ದರು. "ಇವರು ಒಂದು ತೊಟ್ಟು ಕುಡಿದವರಲ್ಲ. ಲಿವರ್ ಹೇಗೆ ಹೋಗುತ್ತೆ? ಜನ ಏನಂದ್ಕೋತಾರೆ?"

"ಕುಡಿಯದವರಿಗೂ ಹೋಗುತ್ತಮ್ಮ. ಈ ವೈರಸ್ಸು ರಕ್ತದಿಂದ ಬರುತ್ತೆ. ಒಬ್ಬರ ರೇಜರ್ ಇನ್ನೊಬ್ಬರು ಬಳಸಿದರೆ, ಒಂದೇ ಸೂಜಿ ಚುಚ್ಚಿದರೆ, ಗಂಡ ಹೆಂಡತಿ ಸಂಬಂಧದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ. ಜೊತೆಗೆ ಕೂತು ಉಂಡರೆ, ಮೈ ಮುಟ್ಟಿದರೆ ಬರಲ್ಲ. ನೀವು, ನಿಮ್ಮ ಮಗಳು ಪರೀಕ್ಷೆ ಮಾಡಿಸಬೇಕು."

"ನನ್ನ ಮಗಳಿಗೆ ಯಾಕೆ? ಅವಳು ಗುಂಡುಕಲ್ಲಿನ ಹಾಗಿದಾಳೆ."

"ಇವರೂ ಹಾಗೇ ಇದ್ರು ಅಲ್ವಾ?"

ಅತ್ತಿಗೆ ಮಂಚದ ಕಡೆ ನೋಡಿದರು. ಮಗಳ ಕೈ ಹಿಡಿದು ರಕ್ತ ಕೊಡಲು ಎದ್ದರು.

ರೇಜರ್ ಅಂದದ್ದೇ ನನಗೆ ಡಿಪೋದ ಕನ್ನಡಿ ಕಣ್ಣಮುಂದೆ ಬಂತು. ಆ ದಾರ, ಆ ಟಿಕೆಟ್ಟಿನ ಚೂರುಗಳು. ಗಡಿಯಾರಣ್ಣ ಕೆರೆದುಕೊಂಡು ಕೊಟ್ಟರೆ ನಾನು ತಗೊಳ್ಳುತ್ತಿದ್ದೆ. ನಾನು ಕೊಟ್ಟರೆ ಅವರು ತಗೊಳ್ಳುತ್ತಿದ್ದರು.

ಮೂರನೆಯ ದಿನ ಗಡಿಯಾರಣ್ಣ ಕಣ್ಣು ಬಿಟ್ಟರು. ಹೆಂಡತಿಯನ್ನು ನೋಡಿ ಅಕ್ಕಾ ಅಂದರು. ಮಗಳನ್ನು ಗುರುತಿಸಲಿಲ್ಲ. ನನ್ನನ್ನು ನೋಡಿದಾಗ ಮಾತ್ರ ಮುಖ ಅರಳಿತು. ಎರಡೂ ಕೈ ಎತ್ತಿ, ಇಲ್ಲದ ಸ್ಟೇರಿಂಗ್ ಹಿಡಿದರು.

"ಟೈಮಾಯ್ತು. ರೈಟ್ ಹೇಳೋ."

ಅವರು ಕಾಯುತ್ತಲೇ ಇದ್ದರು. ಅಂಗೈಗಳು ಬೀಳುತ್ತಿದ್ದವು, ಏಳುತ್ತಿದ್ದವು. ಅತ್ತಿಗೆ "ಹೇಳಪ್ಪ, ಪಾಪ" ಅಂದರು. ನಾನು ರೈಟ್ ಅಂದೆ. ಅವರು ಗೇರು ಹಾಕಿದ ಹಾಗೆ ಕೈ ಆಡಿಸಿ ಸಮಾಧಾನದಿಂದ ಕಣ್ಣು ಮುಚ್ಚಿದರು. ಮತ್ತೆ ಮಾತಾಡಲಿಲ್ಲ. ಐದು ದಿನದ ಮೇಲೆ ತೀರಿಕೊಂಡರು.

ಮಗಳಿಗೆ, ಅತ್ತಿಗೆಗೆ ವೈರಸ್ಸು ಇರಲಿಲ್ಲ. ಇಬ್ಬರೂ ಮೂರು ಸಲದ ಲಸಿಕೆ ಪೂರ್ತಿ ಹಾಕಿಸಿಕೊಂಡರು. "ಒಂದು ಸೂಜಿಯೂ ತಪ್ಪಬಾರದು" ಅಂತ ಅತ್ತಿಗೆಯೇ ದಿನಾಂಕ ಗೋಡೆಯ ಮೇಲೆ ಬರೆದಿಟ್ಟಿದ್ದರು. ಡಿಪೋದಲ್ಲಿ ಅರವತ್ತೆರಡು ಜನರ ಪರೀಕ್ಷೆಯಾಯಿತು. ಐದು ಜನರಿಗೆ ಇತ್ತು. ಐವರಲ್ಲಿ ನಾನೂ ಒಬ್ಬ.

ಎಲ್ಲ ಆ ರೇಜರಿನಿಂದಲೇ ಬಂತು ಅಂತ ಆಣೆ ಮಾಡಿ ಹೇಳಲಾರೆ ಅಂದರು ನರ್ಸಮ್ಮ. ಯಾರು ಯಾರಿಗೆ ಕೊಟ್ಟರೋ ಅದೂ ಗೊತ್ತಿಲ್ಲ. ನಾನೇ ಗಡಿಯಾರಣ್ಣನಿಗೆ ಕೊಟ್ಟೆನೋ ಏನೋ. ಆ ಯೋಚನೆ ನನಗೆ ನುಂಗಲಾರದ ತುತ್ತು. ನನ್ನ ಲಿವರ್ ಇನ್ನೂ ಕೆಟ್ಟಿರಲಿಲ್ಲ, ರೋಗ ಹೊತ್ತಿಗೆ ಸರಿಯಾಗಿ ಪತ್ತೆಯಾಯಿತು. ದಿನಾ ಒಂದು ಮಾತ್ರೆ ನುಂಗುತ್ತೇನೆ, ಆರು ತಿಂಗಳಿಗೊಮ್ಮೆ ತೋರಿಸುತ್ತೇನೆ, ಕೆಲಸಕ್ಕೆ ಹೋಗುತ್ತೇನೆ. ಮೊದಲೇ ಪತ್ತೆಯಾಗಿದ್ದರೆ ಇಷ್ಟರಲ್ಲೇ ಗಡಿಯಾರಣ್ಣನೂ ಬದುಕಬಹುದಿತ್ತು.

ಸಾಹೇಬರು ಈಗಲೂ ಕೆನ್ನೆ ನೋಡುತ್ತಾರೆ. ಆದರೆ ಒಬ್ಬೊಬ್ಬರ ಚೀಲದಲ್ಲಿ ಅವರವರ ರೇಜರ್ ಇದೆ. ಕನ್ನಡಿ ಪಕ್ಕದಲ್ಲಿ ಮೊಳೆಯೊಂದೇ ಉಳಿದಿದೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ರೇಜರ್ ಎಷ್ಟು ಜನರದು, ಇವತ್ತು ಒಮ್ಮೆ ನೋಡಿ. ಹೆಪಟೈಟಿಸ್ ಬಿ, ಅದರ ಹಾಗೇ ಲಿವರ್ ಕೆಡಿಸುವ ಹೆಪಟೈಟಿಸ್ ಸಿ, ಎರಡರದ್ದೂ ರಕ್ತ ಪರೀಕ್ಷೆ ಮಾಡಿಸಿ. ಬಿ ಬಾರದಂತೆ ಲಸಿಕೆ ಇದೆ, ಹುಟ್ಟಿದ ಮಗುವಿಗೆ ಒಂದು ದಿನದೊಳಗೆ ಮೊದಲ ಸೂಜಿ ಹಾಕಿಸಿ. ಸಿ ಇದ್ದರೆ ಕೆಲವು ತಿಂಗಳ ಮಾತ್ರೆಯಲ್ಲಿ ಬಹಳಷ್ಟು ಜನರಿಗೆ ವಾಸಿಯಾಗುತ್ತದೆ. ನಿಮ್ಮವರು ಯಾರಾದರೂ ಹಗಲಲ್ಲಿ ತೂಕಡಿಸಿ, ಗೊತ್ತಿರುವ ದಾರಿ ಮರೆತು, ಕೈ ನಿಲ್ಲಿಸಲಾರದೆ ಹೋದರೆ ಕುಡುಕ ಅನ್ನಬೇಡಿ, ವಯಸ್ಸಾಯಿತು ಅನ್ನಬೇಡಿ, ನಿಮ್ಮಷ್ಟಕ್ಕೆ ನಿದ್ದೆ ಮಾತ್ರೆ ಕೊಡಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವರು ಬೇಡ ಅಂತ ಕೈ ಹಿಡಿದು ಬೇಡಿಕೊಂಡರೂ ಕರೆದುಕೊಂಡು ಹೋಗಿ.

ನಾನು ಹೋಲ್ಡಾನ್ ಅನ್ನಬೇಕಾದ ಕಡೆ ರೈಟ್ ಅಂದೆ. ನೀವು ಹಾಗೆ ಮಾಡಬೇಡಿ.